ಕಾಳಿಗೆ ಉಪ್ಪು ಖಾರ ಹಿಡಿಯೋ ಹೊತ್ತು

"ರಸ ಚೆನ್ನಾಗಿದೆ ಕಣಮ್ಮ, ಆದ್ರೆ ಕಾಳಿಗೆ ಉಪ್ಪು ಖಾರ ಹಿಡಿದೇ ಇಲ್ಲ ನೋಡು."

ನಮ್ಮತ್ತೆ ಇದನ್ನ ಹೇಳಿ ಹತ್ತಿರ ಹತ್ತಿರ ಹದಿನೈದು ವರ್ಷ ಆಗಿರಬೇಕು. ಬೈದು ಹೇಳಿದ್ದಲ್ಲ, ತಟ್ಟೆಯಲ್ಲಿದ್ದ ಒಂದು ರಾಜ್ಮಾ ಕಾಳನ್ನ ಬೆರಳಲ್ಲಿ ತೆಗೆದು, ಅಂಟಿದ್ದ ಮಸಾಲೆನ ತಟ್ಟೆಯ ಅಂಚಿಗೆ ಒರೆಸಿ, ಬರೀ ಕಾಳನ್ನ ಬಾಯಿಗೆ ಹಾಕ್ಕೊಂಡು ನಿಧಾನವಾಗಿ ಅಗಿದು ಹೇಳಿದ್ದು. ನಾನೂ ಹಾಗೇ ಒಂದು ತಿಂದು ನೋಡಿದೆ. ಹೌದು, ಏನೂ ಇರಲಿಲ್ಲ ಒಳಗೆ. ಹಿಟ್ಟು ಹಿಟ್ಟು, ಸಪ್ಪೆ. ಹೊರಗಡೆ ಮಾತ್ರ ನಾನು ಒಂದು ಗಂಟೆ ನಿಂತು ಹುರಿದು ರುಬ್ಬಿ ಮಾಡಿದ ಮಸಾಲೆ ಇತ್ತು. ಅದು ಒಂದು ಕಡೆ, ಕಾಳು ಒಂದು ಕಡೆ, ಒಂದೇ ಪಾತ್ರೆಯಲ್ಲಿ ಇದ್ರೂ ಎರಡಕ್ಕೂ ಪರಿಚಯಾನೇ ಆಗಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡೋದೇ. ಮಸಾಲೆ ಜಾಸ್ತಿ ಮಾಡಿದೆ. ಒಂದು ಚಮಚ ಖಾರದಪುಡಿ ಇದ್ದಿದ್ದು ಎರಡಾಯ್ತು, ಬೆಳ್ಳುಳ್ಳಿ ನಾಲ್ಕು ಎಸಳಿದ್ದಿದ್ದು ಎಂಟಾಯ್ತು, ಕೊನೆಯಲ್ಲಿ ಉಪ್ಪು ಇನ್ನಷ್ಟು, ಹುಳಿ ಇನ್ನಷ್ಟು. ರಸ ಬಾಯಿಗಿಡೋಕೆ ಆಗದಷ್ಟು ಜೋರಾಯ್ತು, ಕಾಳು ಮಾತ್ರ ಹಾಗೇ ಸಪ್ಪೆ. ತಪ್ಪು ಮಸಾಲೆಯಲ್ಲಿಲ್ಲ, ಹೊತ್ತಲ್ಲಿದೆ ಅಂತ ತಿಳಿಯೋಕೆ ನಂಗೆ ಬಹಳ ದಿನ ಬೇಕಾಯ್ತು. ಒಣಕಾಳು ನೀರು ಕುಡಿಯೋ ಹೊತ್ತು ಒಂದಿರತ್ತೆ, ಆ ಹೊತ್ತಲ್ಲಿ ನೀರಿನ ಜೊತೆ ಏನು ಕೊಡ್ತೀವೋ ಅದನ್ನೂ ಕುಡಿಯತ್ತೆ. ಹೊಟ್ಟೆ ತುಂಬಿದ ಮೇಲೆ ಎಷ್ಟು ಉಪಚಾರ ಮಾಡಿದ್ರೂ ಮೇಲ್ಮೇಲೆ ಅಷ್ಟೇ. ಈ ಬರಹದಲ್ಲಿ ನಾನು ಹೇಳಬೇಕು ಅಂದ್ಕೊಂಡಿರೋದು ಇಷ್ಟೇ, ಆದ್ರೆ ಇದರ ಹಿಂದೆ ಎಷ್ಟೊಂದು ಇದೆ ಅಂದ್ರೆ ಪೂರ್ತಿ ಹೇಳದೆ ಬಿಡೋಕೆ ಮನಸ್ಸಾಗ್ತಿಲ್ಲ.

ಒಂದು ಒಣಗಿದ ರಾಜ್ಮಾ ಕಾಳನ್ನ ಕೈಯಲ್ಲಿ ಹಿಡಿದು ನೋಡಿ. ಒಳಬಾಗಿರೋ ಕಡೆ ಒಂದು ಸಣ್ಣ ಬಿಳಿ ಕಲೆ ಇರತ್ತೆ, ಕಣ್ಣಿನ ಥರ. ಕಾಯಿ ಒಳಗೆ ಇದ್ದಾಗ ಕಾಳು ತಾಯಿಗಿಡಕ್ಕೆ ಅಂಟ್ಕೊಂಡಿದ್ದ ಜಾಗ ಅದು, ಹೊಕ್ಕುಳು ಅಂದ್ರೂ ಸರಿಯೇ. ಅದರ ಪಕ್ಕದಲ್ಲೇ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ ಇದೆ. ನೆನೆಹಾಕಿದಾಗ ನೀರು ಮೊದಲು ಒಳಗೆ ನುಗ್ಗೋದು ಬಹುಮಟ್ಟಿಗೆ ಆ ಕಡೆಯಿಂದಾನೇ, ಸಿಪ್ಪೆಯ ಉಳಿದ ಭಾಗ ಶುರುವಿನಲ್ಲಿ ನೀರನ್ನ ಅಷ್ಟು ಸುಲಭವಾಗಿ ಬಿಟ್ಕೊಳಲ್ಲ. ಅದಕ್ಕೇ ನೆನೆಹಾಕಿ ಒಂದು ಗಂಟೆ ಬಿಟ್ಟು ನೋಡಿದ್ರೆ ಸಿಪ್ಪೆ ಸುಕ್ಕುಸುಕ್ಕಾಗಿರತ್ತೆ, ಒಳಗಿನ ಬೇಳೆ ಇನ್ನೂ ಉಬ್ಬಿರಲ್ಲ. ಬೆಳಿಗ್ಗೆ ಹೊತ್ತಿಗೆ ಸುಕ್ಕೆಲ್ಲ ಹೋಗಿ, ತೂಕ ಹೆಚ್ಚುಕಮ್ಮಿ ಎರಡು ಪಟ್ಟಾಗಿ, ನುಣ್ಣಗೆ ತುಂಬಿಕೊಂಡಿರತ್ತೆ. ಎಷ್ಟು ಸಲ ನೋಡಿದ್ರೂ ಬೆಳಿಗ್ಗೆ ಮುಚ್ಚಳ ತೆಗೆದು ಆ ಕಾಳನ್ನ ನೋಡೋದು ನಂಗೆ ಖುಷಿ.

ಈಗ ನಾನು ನೆನೆಹಾಕೋ ನೀರಿಗೇ ಉಪ್ಪು ಹಾಕ್ತೀನಿ. ಒಂದು ಲೀಟರ್ ನೀರಿಗೆ ಒಂದು ಟೇಬಲ್ ಚಮಚ, ಚೆನ್ನಾಗಿ ಕರಗಿಸಿ, ಆಮೇಲೆ ಕಾಳು. ಇದನ್ನ ಹೇಳಿದ ತಕ್ಷಣ ಅಡುಗೆ ಮಾಡೋರು ಅರ್ಧ ಜನ "ಅಯ್ಯೋ ಉಪ್ಪು ಹಾಕಿದ್ರೆ ಕಾಳು ಬೇಯಲ್ಲ" ಅಂತಾರೆ, ನಾನೂ ಹತ್ತು ವರ್ಷ ಅದನ್ನೇ ನಂಬಿದ್ದೆ. ಆಗೋದು ಉಲ್ಟಾ. ಕಾಳಿನ ಸಿಪ್ಪೆಯಲ್ಲಿ ಪೆಕ್ಟಿನ್ ಅಂತ ಒಂದು ಇದೆ, ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರೋ ಗಾರೆ ಥರ. ಆ ಗಾರೆ ಗಟ್ಟಿಯಾಗಿರೋದು ಅದರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ. ಉಪ್ಪಿನ ಸೋಡಿಯಂ ನಿಧಾನವಾಗಿ ಒಳಗೆ ಸೇರಿ ಅವುಗಳಲ್ಲಿ ಸ್ವಲ್ಪವನ್ನ ಆಚೆ ಕಳಿಸಿ ಆ ಜಾಗದಲ್ಲಿ ತಾನು ಕೂತ್ಕೊಳತ್ತೆ, ಆದ್ರೆ ಅದರಷ್ಟು ಬಿಗಿಯಾಗಿ ಹಿಡ್ಕೊಳಕ್ಕೆ ಸೋಡಿಯಂ ಕೈಯಲ್ಲಿ ಆಗಲ್ಲ. ಹಾಗಾಗಿ ಸಿಪ್ಪೆ ಮೆತ್ತಗಾಗತ್ತೆ, ಒಳಗಿನ ಬೇಳೆ ಉಬ್ಬಿದಾಗ ಸಿಪ್ಪೆಯೂ ಹಿಗ್ಗತ್ತೆ, ಪಟಪಟ ಅಂತ ಒಡೆದು ಹೋಗೋ ಕಾಳುಗಳು ಕಮ್ಮಿಯಾಗ್ತವೆ. ಇದೆಲ್ಲಾ ಒಂದು ಕಡೆ ಇರಲಿ, ಮುಖ್ಯವಾದದ್ದು ಏನಂದ್ರೆ ಉಪ್ಪು ಕಾಳಿನ ಒಳಗೆ ಹೋಗಿರತ್ತೆ. ಉಪ್ಪಿಗಿಂತ ರುಚಿ ಇಲ್ಲ ಅಂತ ಸುಮ್ನೆ ಹೇಳಿಲ್ಲ ಹಿರಿಯರು. ಮೊದಲ ಸಲ ಹಾಗೆ ನೆನೆಸಿ ಬೇಯಿಸಿದ ಕಾಳನ್ನ ಯಾವ ಮಸಾಲೆನೂ ಇಲ್ಲದೆ ತಿಂದಾಗ, ಇಷ್ಟು ವರ್ಷ ನಾನು ಕಾಳಿನ ರುಚಿಯನ್ನೇ ತಿಂದಿರಲಿಲ್ವಲ್ಲಾ ಅನ್ನಿಸಿತು. ರಾಜ್ಮಾಗೆ ಒಂದು ಸಿಹಿ ಇದೆ. ಕಪ್ಪು ಬೀನ್ಸಿಗೆ ಮಣ್ಣಿನ ಥರದ, ಸ್ವಲ್ಪ ಅಣಬೆ ನೆನಪಿಸೋ ಒಂದು ರುಚಿ ಇದೆ. ಕಾಬೂಲಿ ಕಡಲೆ ಬೆಣ್ಣೆ ಥರ, ಗೋಡಂಬಿ ಥರ. ಅದೆಲ್ಲಾ ಉಪ್ಪು ಒಳಗಿದ್ದಾಗ ಮಾತ್ರ ಬಾಯಿ ಬಿಡ್ತವೆ.

ನೆನೆಸೋದು ಎಂಟರಿಂದ ಹನ್ನೆರಡು ಗಂಟೆ. ಸೆಕೆ ಜಾಸ್ತಿ ಇದ್ರೆ ಫ್ರಿಜ್ಜಲ್ಲಿಡಿ, ಇಲ್ಲಾಂದ್ರೆ ಬೆಳಿಗ್ಗೆ ನೊರೆ ಬಂದು ಹುಳಿ ವಾಸನೆ ಹೊಡೆಯತ್ತೆ. ಮರೆತೇ ಹೋದ್ರೆ ಎರಡು ನಿಮಿಷ ಜೋರಾಗಿ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಟ್ರೂ ನಡೆಯತ್ತೆ, ಆದ್ರೆ ರಾತ್ರಿ ಪೂರ್ತಿ ನೆನೆದ ಕಾಳಿನಷ್ಟು ಒಂದೇ ಸಮ ಬೇಯಲ್ಲ, ಕೆಲವು ಮುಂದೆ ಓಡ್ತವೆ ಕೆಲವು ಹಿಂದೆ ಉಳೀತವೆ.

ಎಷ್ಟು ಮಾಡಿದ್ರೂ ಬೇಯದೇ ಇರೋ ಕಾಳಿನ ವಿಷಯವೂ ಹೇಳಬೇಕು, ಯಾಕಂದ್ರೆ ಅದಕ್ಕೆ ಎಷ್ಟೋ ಜನ ತಮ್ಮನ್ನೇ ಬೈಕೋತಾರೆ. ಅದು ನಿಮ್ಮ ತಪ್ಪಲ್ಲ. ಬಿಸಿ ಮತ್ತು ತೇವ ಎರಡೂ ಇರೋ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಳಿನ ಒಳಗೇ ಬದಲಾವಣೆ ಆಗತ್ತೆ, ಪೆಕ್ಟಿನ್ ಇನ್ನೂ ಬಿಗಿಯಾಗತ್ತೆ, ಆಮೇಲೆ ಎಷ್ಟು ಹೊತ್ತು ಕುದಿಸಿದ್ರೂ ನಡುವೆ ಒಂದು ಗಟ್ಟಿ ಉಳಿದುಬಿಡತ್ತೆ. ಹೊಸ ಕಾಳು ಹೊಳಪಾಗಿರತ್ತೆ, ಹಳೇದು ಮಂಕು, ಸಿಪ್ಪೆ ಬಿರುಕು. ನೀರು ಗಡಸಾಗಿದ್ರೂ ಇದೇ ಕಷ್ಟ, ಅದರಲ್ಲಿರೋ ಕ್ಯಾಲ್ಸಿಯಂ ಹೋಗಿ ಅದೇ ಗಾರೆಯನ್ನ ಇನ್ನಷ್ಟು ಗಟ್ಟಿ ಮಾಡತ್ತೆ. ಇಂಥ ಸಮಯದಲ್ಲಿ ಒಂದು ಚಿಟಿಕೆ ಅಡುಗೆ ಸೋಡಾ ಸಹಾಯ ಮಾಡತ್ತೆ, ಕ್ಷಾರದಲ್ಲಿ ಪೆಕ್ಟಿನ್ ಬೇಗ ಕರಗತ್ತೆ. ಆದ್ರೆ ಚಿಟಿಕೆ ಅಂದ್ರೆ ಚಿಟಿಕೆಯೇ. ಜಾಸ್ತಿಯಾದ್ರೆ ಸೋಪಿನ ರುಚಿ ಬರತ್ತೆ, ಕಾಳು ಲೊಳಲೊಳ ಆಗತ್ತೆ, ಬಿ1 ಅನ್ನೋ ಥಯಮಿನ್ ವಿಟಮಿನ್ನೂ ಹಾಳಾಗತ್ತೆ. ನಾನಂತೂ ಈಗ ಸೋಡಾ ಮುಟ್ಟೋದು ಕಮ್ಮಿ. ಕಮ್ಮಿ ಕಮ್ಮಿ ಕಾಳು ತರ್ತೀನಿ, ತಂದ ತಾರೀಖು ಡಬ್ಬಿ ಮೇಲೆ ಬರೆದಿಡ್ತೀನಿ, ಹಳೇದಕ್ಕೆ ಹೊಸದನ್ನ ಬೆರೆಸಲ್ಲ.

ಇನ್ನೊಂದು ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಓದಿ.

ಕೆಲವು ವರ್ಷದ ಹಿಂದೆ ನಮ್ಮನೆಗೆ ಒಂದು ಸ್ಲೋ ಕುಕ್ಕರ್ ಬಂತು, ಕಮ್ಮಿ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸೋ ಕರೆಂಟ್ ಪಾತ್ರೆ. ನಮ್ಮನೆಯವರಿಗೆ ಶಿಫ್ಟ್ ಕೆಲಸ, ಒಂದು ವಾರ ಮಧ್ಯಾಹ್ನ ಹೋಗಿ ರಾತ್ರಿ ಒಂದೂವರೆಗೆ ಬರ್ತಾರೆ, ಇನ್ನೊಂದು ವಾರ ಬೆಳಿಗ್ಗೆ ಐದಕ್ಕೇ ಹೊರಡ್ತಾರೆ. ಇಂಥ ಮನೆಗೆ ತನ್ನಷ್ಟಕ್ಕೆ ತಾನು ಬೇಯೋ ಪಾತ್ರೆ ಅಂದ್ರೆ ವರ ಅನ್ನಿಸಿತ್ತು. ನೆನೆಸಿದ ಕೆಂಪು ರಾಜ್ಮಾ, ಈರುಳ್ಳಿ, ಟೊಮೇಟೊ, ಮಸಾಲೆ ಎಲ್ಲಾ ಒಟ್ಟಿಗೇ ಹಾಕಿ ಕಮ್ಮಿ ಉರಿಯ ಗುರುತಿಗೆ ಇಟ್ಟು ನನ್ನ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದ್ರೆ ಘಮ್ ಅಂತಿತ್ತು. ಕಾಳು ಸ್ವಲ್ಪ ಗಟ್ಟಿ ಅನ್ನಿಸಿದ್ರೂ ಪರವಾಗಿಲ್ಲ ಅಂತ ನಾನೂ ಮಗಳೂ ಊಟ ಮಾಡಿದ್ವಿ. ಎರಡು ಗಂಟೆ ಒಳಗೆ ಇಬ್ಬರಿಗೂ ವಾಂತಿ. ಮಗಳಿಗೆ ಆಗ ಏಳು ವರ್ಷ, ಬಚ್ಚಲುಮನೆ ನೆಲದ ಮೇಲೆ ಅವಳ ಬೆನ್ನು ಸವರ್ತಾ ಕೂತ ಆ ರಾತ್ರಿ ನಂಗೆ ಇವತ್ತಿಗೂ ಮರೆಯಕ್ಕಾಗಲ್ಲ. ಇವರು ಒಂದೂವರೆಗೆ ಬಂದು ತಟ್ಟೆ ಹಾಕ್ಕೊಳೋಕೆ ಹೋದಾಗ ನಾನು ಕೂಗಿ ತಡೆದೆ. ಬೆಳಿಗ್ಗೆ ಹೊತ್ತಿಗೆ ಇಬ್ಬರೂ ಸರಿಹೋದ್ವಿ, ಆದ್ರೆ ಯಾಕೆ ಹೀಗಾಯ್ತು ಅಂತ ತಿಳ್ಕೊಳ್ಳದೆ ಆ ಕಾಳನ್ನ ಮತ್ತೆ ಮುಟ್ಟೋದಿಲ್ಲ ಅಂದ್ಕೊಂಡೆ.

ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಅಂತ ಒಂದು ಪ್ರೋಟೀನ್ ಇದೆ, ಲೆಕ್ಟಿನ್ ಜಾತಿಯದು. ಹೊಟ್ಟೆಗೆ ಅದು ವಿಷವೇ, ನಾಲ್ಕೈದು ಹಸಿ ಕಾಳು ತಿಂದ್ರೂ ಒಂದರಿಂದ ಮೂರು ಗಂಟೆಯಲ್ಲಿ ವಾಂತಿ ಭೇದಿ ಶುರುವಾಗಬಹುದು. ಎಲ್ಲಕ್ಕಿಂತ ಜಾಸ್ತಿ ಇರೋದು ಕೆಂಪು ರಾಜ್ಮಾದಲ್ಲಿ, ಬಿಳಿ ರಾಜ್ಮಾದಲ್ಲಿ ಅದರ ಮೂರನೇ ಒಂದು ಭಾಗದಷ್ಟು. ಚೆನ್ನಾಗಿ ಕುದಿಸಿದ್ರೆ ಅದು ನಾಶವಾಗಿ ಯಾವ ತೊಂದರೆನೂ ಇಲ್ಲ. ಅರೆಬರೆ ಬಿಸಿ ಮಾತ್ರ ಅಪಾಯ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಂದ ಕಾಳಲ್ಲಿ ಅದರ ವಿಷ ಹಸಿ ಕಾಳಿಗಿಂತ ಐದು ಪಟ್ಟಿನವರೆಗೂ ಹೆಚ್ಚಾಗಬಹುದು. ನನ್ನ ಸ್ಲೋ ಕುಕ್ಕರ್ ಆ ದಿನ ಕುದಿಯೋ ಬಿಸಿಗೆ ಹೋಗೇ ಇರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಹೇಳೋದು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 30 ನಿಮಿಷ ಕುದಿಸಿ ಅಂತ. 100 ಡಿಗ್ರಿಯಲ್ಲಿ 10 ನಿಮಿಷಕ್ಕೇ ಅದು ನಾಶವಾಗತ್ತೆ, ಉಳಿದ ಇಪ್ಪತ್ತು ನಿಮಿಷ ಪ್ರತಿಯೊಂದು ಕಾಳೂ ಒಳಗಿನವರೆಗೆ ಆ ಬಿಸಿ ಮುಟ್ಟಲಿ ಅನ್ನೋದಕ್ಕೆ. ಸ್ಲೋ ಕುಕ್ಕರ್ ನಾನು ಬಿಸಾಕಿಲ್ಲ, ಈಗಲೂ ಬಳಸ್ತೀನಿ, ಆದ್ರೆ ಕಾಳು ಮೊದಲು ಒಲೆ ಮೇಲೆ ಅರ್ಧ ಗಂಟೆ ಕೊತಕೊತ ಕುದ್ದ ಮೇಲೇ ಅದರೊಳಗೆ ಹೋಗೋದು. ಡಬ್ಬಿಯಲ್ಲಿ ಸಿಗೋ ಬೀನ್ಸ್ ಆಗಲೇ ಪೂರ್ತಿ ಬೆಂದಿರೋದು, ಅದಕ್ಕೆ ಈ ಭಯ ಬೇಡ. ದಯವಿಟ್ಟು ಇದೊಂದನ್ನ ಮನೆಯಲ್ಲಿ ಅಡುಗೆ ಕಲೀತಿರೋ ಮಕ್ಕಳಿಗೂ ಹೇಳಿ.

ಪ್ರೆಷರ್ ಕುಕ್ಕರ್ ಇದ್ರೆ ಈ ಚಿಂತೆನೇ ಇಲ್ಲ, ಒಳಗೆ ಬಿಸಿ 115ರಿಂದ 120 ಡಿಗ್ರಿ ಆಸುಪಾಸಿಗೆ ಹೋಗತ್ತೆ. ಇದರ ಮೊದಲ ರೂಪ ಮಾಡಿದ್ದು ಡೆನಿಸ್ ಪಪ್ಯಾಂ ಅನ್ನೋ ಫ್ರೆಂಚ್ ವಿಜ್ಞಾನಿ, 1679ರಲ್ಲಿ, ಗಟ್ಟಿ ಮೂಳೆಗಳನ್ನೂ ಮೆತ್ತಗೆ ಮಾಡೋ ಪಾತ್ರೆ ಅಂತ. ಒಳಗಿನ ಹಬೆ ಮಿತಿ ಮೀರಿದಾಗ ಹೊರಗೆ ಹೋಗೋಕೆ ತೂಕದ ಒಂದು ವಾಲ್ವ್ ಮಾಡಿದ್ದೂ ಅವನೇ. ನಮ್ಮ ವಿಷಲ್ಲಿನ ಮುತ್ತಾತ ಅನ್ನಬಹುದು. ಕುಕ್ಕರಲ್ಲಿ ಕಾಳು ಬೇಯಿಸೋವಾಗ ನಾನು ಎರಡು ಪಾಲಿಸ್ತೀನಿ. ಅರ್ಧಕ್ಕಿಂತ ಮೇಲೆ ತುಂಬಲ್ಲ, ಕಾಳು ಉಬ್ಬತ್ತೆ, ನೊರೆ ಬರತ್ತೆ, ನೊರೆ ಹೋಗಿ ವಿಷಲ್ ಜಾಗ ಕಟ್ಕೊಂಡ್ರೆ ಅಪಾಯ, ಅದಕ್ಕೇ ಒಂದು ಚಮಚ ಎಣ್ಣೆನೂ ಹಾಕ್ತೀನಿ, ನೊರೆ ತಗ್ಗತ್ತೆ. ಎರಡನೇದು, ಆವಿ ತಾನಾಗೇ ಇಳಿಯೋವರೆಗೆ ಕಾಯ್ತೀನಿ. ಅವಸರಕ್ಕೆ ವಿಷಲ್ ಎತ್ತಿದ್ರೆ ಒಳಗಿನ ಒತ್ತಡ ದಿಢೀರ್ ಅಂತ ಇಳಿದು ಕಾಳಿನ ಒಳಗಿರೋ ನೀರೇ ಕುದ್ದು ಸಿಪ್ಪೆ ಹರಿದುಬಿಡತ್ತೆ, ಮುಚ್ಚಳ ತೆಗೆದಾಗ ಕಾಳು ಒಂದು ಕಡೆ ಸಿಪ್ಪೆ ಒಂದು ಕಡೆ.

ಟೈಮ್ ಇದ್ದ ದಿನ ಮಾತ್ರ ನಾನು ತೆರೆದ ಪಾತ್ರೆಯಲ್ಲೇ ಮಾಡೋದು. ನೆನೆದ ನೀರು ಚೆಲ್ಲಿ, ಹೊಸ ನೀರು, ಮತ್ತೆ ಸ್ವಲ್ಪ ಉಪ್ಪು. ಆಮೇಲೆ ಆ ಬೇಯೋ ನೀರಿಗೇ ಒಂದು ಚಕ್ಕೆ ತುಂಡು, ಎರಡು ಲವಂಗ, ಒಂದು ಪಲಾವ್ ಎಲೆ, ಜಜ್ಜಿದ ಬೆಳ್ಳುಳ್ಳಿ, ಇಡೀ ಒಣಮೆಣಸಿನಕಾಯಿ ಒಂದು, ಅರ್ಧ ಈರುಳ್ಳಿ. ಇದನ್ನ ನಾನು ಕಲಿತಿದ್ದು ಅತ್ತೆಯ ಆ ಒಂದು ಮಾತಿನಿಂದ. ಕಾಳು ಇನ್ನೂ ಕುಡೀತಾ ಇರೋವಾಗಲೇ ಘಮ ಆ ನೀರಲ್ಲಿ ಇರಬೇಕು. ಮೊದಲ ಅರ್ಧ ಗಂಟೆ ಜೋರು ಕುದಿ, ಆಮೇಲೆ ಸಿಮ್ಮಲ್ಲಿ, ಒಂದೊಂದೇ ಗುಳ್ಳೆ ಏಳೋ ಹಾಗೆ. ನೀರು ಕಾಳಿಗಿಂತ ಒಂದು ಬೆರಳು ಮೇಲಿರಬೇಕು, ಕಮ್ಮಿಯಾದ್ರೆ ಬಿಸಿನೀರೇ ಸೇರಿಸಬೇಕು.

ಬೆಂದಿದ್ಯಾ ಅಂತ ನೋಡೋಕೆ ಒಂದು ಚಮಚದಲ್ಲಿ ನಾಲ್ಕೈದು ಕಾಳು ಎತ್ತಿ ಮೇಲೆ ಊದಿ. ಸಿಪ್ಪೆ ಸುರುಳಿ ಸುತ್ಕೊಂಡು ಬಿಚ್ಚಿದ್ರೆ ಹತ್ತಿರ ಬಂತು ಅಂತ. ಆಮೇಲೆ ಐದು ಕಾಳು ತಿಂದು ನೋಡಿ, ಒಂದಲ್ಲ. ಐದೂ ನಾಲಿಗೆ ಮತ್ತು ಅಂಗುಳಿನ ನಡುವೆ ಹಲ್ಲಿನ ಸಹಾಯ ಇಲ್ಲದೆ ಬೆಣ್ಣೆ ಥರ ಕರಗಬೇಕು. ನಾಲ್ಕು ಕರಗಿ ಒಂದು ಮರಳುಮರಳಾಗಿದ್ರೆ ಇನ್ನೂ ಬೇಯಬೇಕು. ಈ ವಿಷಯದಲ್ಲಿ ನಾನು ಗಟ್ಟಿ: ಕಾಳಿಗೆ ಹದವಾಗಿ ಗಟ್ಟಿ ಇರೋದು ಅಂತ ಒಂದು ಹಂತ ಇಲ್ಲ. ಬೆಂದಿರಬೇಕು ಇಲ್ಲಾ ಬೆಂದಿಲ್ಲ.

ಹುಳಿ ಮಾತ್ರ ಅಲ್ಲಿಯವರೆಗೂ ದೂರ ಇಡಿ. ಟೊಮೇಟೊ, ಹುಣಸೆ, ನಿಂಬೆ, ವಿನೆಗರ್ ಯಾವುದೇ ಆಗಲಿ, ಹುಳಿಯಲ್ಲಿ ಪೆಕ್ಟಿನ್ ಕರಗೋದು ಬಹಳ ನಿಧಾನ. ಉಪ್ಪಿನ ಮೇಲೆ ಹೊರಿಸಿರೋ ಅಪವಾದ ನಿಜವಾಗಿ ಸೇರಬೇಕಾಗಿದ್ದು ಹುಳಿಗೆ. ಎಷ್ಟೋ ಮನೆಯಲ್ಲಿ ಎರಡನ್ನೂ ಒಟ್ಟಿಗೇ ಹಾಕಿ, ಕಾಳು ಬೇಯದೇ ಹೋದಾಗ ಉಪ್ಪನ್ನ ಬೈದಿರಬೇಕು ಅಂತ ನನ್ನ ಊಹೆ. ಆದ್ರೆ ಇದೇ ಗುಣ ಕೊನೆಯಲ್ಲಿ ಕೆಲಸಕ್ಕೆ ಬರತ್ತೆ. ಕಾಳು ಪೂರ್ತಿ ಬೆಂದ ಮೇಲೆ ಟೊಮೇಟೊ ಮಸಾಲೆ ಸೇರಿಸಿದ್ರೆ ಆಮೇಲೆ ಒಂದು ಗಂಟೆ ಕುದಿಸಿದ್ರೂ ಕಾಳು ಗಂಜಿಯಾಗಲ್ಲ, ಆಕಾರ ಹಿಡ್ಕೊಂಡಿರತ್ತೆ. ಬೇಗ ಹಾಕಿದ್ರೆ ಅಡ್ಡಿ ಮಾಡೋ ಹುಳಿ, ತಡವಾಗಿ ಹಾಕಿದ್ರೆ ಕಾವಲು ಕಾಯತ್ತೆ.

ಈಗ ಮಸಾಲೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ, ಅಡುಗೆಮನೇಲೂ ಹಾಗೇ.

ಜೀರಿಗೆ, ಕೊತ್ತಂಬರಿ, ಮೆಣಸು, ಚಕ್ಕೆ ಇವುಗಳ ಘಮದ ಬಹುಪಾಲು ಎಣ್ಣೆಯಲ್ಲಿ ಕರಗೋ ಅಂಥದ್ದು, ನೀರಿನಲ್ಲಿ ಅಷ್ಟಾಗಿ ಕರಗಲ್ಲ. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಕೂಡ ಹಾಗೇ, ಖಾರ ಆದಾಗ ನೀರು ಕುಡಿದ್ರೆ ಬಾಯಿ ತಣ್ಣಗಾಗದೆ ಇರೋದು ಅದಕ್ಕೇ. ಹಾಗಾಗಿ ಪುಡಿಯನ್ನ ಕುದಿಯೋ ಕಾಳಿನ ಮೇಲೆ ನೇರ ಉದುರಿಸಿದ್ರೆ ಅದು ಹಸಿ ವಾಸನೆಯಾಗೇ ಉಳೀತದೆ, ನಾಲಿಗೆಗೆ ಪುಡಿಪುಡಿ ಸಿಗತ್ತೆ. ಎಣ್ಣೆ ಕಾದ ಮೇಲೆ ಮೊದಲು ಇಡೀ ಜೀರಿಗೆ, ಅದು ಸುತ್ತಲೂ ಗುಳ್ಳೆ ಬಿಟ್ಟು ಬಣ್ಣ ತಿರುಗಿದಾಗ ಈರುಳ್ಳಿ. ಈರುಳ್ಳಿಗೆ ಅವಸರ ಮಾಡಬೇಡಿ. ಇಪ್ಪತ್ತು ನಿಮಿಷ, ಕೆಲವು ಸಲ ಇಪ್ಪತ್ತೈದು. ಮೊದಲು ನೀರು ಬಿಡತ್ತೆ, ಆಮೇಲೆ ಗಾಜಿನ ಥರ ಆಗತ್ತೆ, ಆಮೇಲೆ ಅಂಚು ಕೆಂಪಾಗತ್ತೆ, ಆಮೇಲೆ ಇಡೀ ಬಾಣಲೆಯೇ ಬಣ್ಣ ತಿರುಗಿ ಸಿಹಿ ವಾಸನೆ ಬರತ್ತೆ. ತಳ ಹಿಡಿಯೋ ಹಾಗಾದ್ರೆ ಕಾಳು ಬೇಯಿಸಿದ ನೀರನ್ನೇ ಒಂದು ಸೌಟು ಹಾಕಿ ತಳ ಕೆರೆದು ಮತ್ತೆ ಮುಂದುವರಿಸಿ. ತಳಕ್ಕಂಟಿದ್ದ ಆ ಕಂದು ಪದರವೇ ರುಚಿ. ಸಕ್ಕರೆ ಅಂಶ ಮತ್ತು ಅಮೈನೋ ಆಮ್ಲ, ಅಂದ್ರೆ ಪ್ರೋಟೀನಿನ ಸಣ್ಣ ತುಣುಕು, ಬಿಸಿಯಲ್ಲಿ ಕೂಡಿ ಹೀಗೆ ಕೆಂಪಾಗೋದನ್ನ ಲೂಯಿ ಕಮೀಲ್ ಮಯ್ಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ ವಿವರಿಸಿದ್ದು 1912ರಲ್ಲಿ. ಅದೇ 1912ರಲ್ಲಿ ವಿಲ್ಬರ್ ಸ್ಕೋವಿಲ್ ಅನ್ನೋ ಅಮೆರಿಕನ್ ಔಷಧ ತಜ್ಞ ಮೆಣಸಿನಕಾಯಿಯ ಖಾರ ಅಳೆಯೋ ವಿಧಾನ ಹೇಳಿದ್ದು, ಮೆಣಸಿನಕಾಯಿಯ ಸಾರವನ್ನ ಸಕ್ಕರೆ ನೀರಲ್ಲಿ ತೆಳು ಮಾಡ್ತಾ ಮಾಡ್ತಾ ಖಾರ ತಿಳಿಯದೆ ಹೋಗೋವರೆಗೆ. ಕೆಂಪಗೆ ಹುರಿದ ಈರುಳ್ಳಿಗೆ ಖಾರದಪುಡಿ ಹಾಕೋವಾಗ ಈ ಇಬ್ಬರೂ ಒಂದೇ ವರ್ಷದವರು ಅನ್ನೋದು ನಂಗೆ ನೆನಪಾಗ್ತಾನೇ ಇರತ್ತೆ.

ಪುಡಿಗಳನ್ನ ಹಾಕೋ ಮುಂಚೆ ಉರಿ ಕಮ್ಮಿ ಮಾಡಿ. ಅರಿಶಿನ, ಕೊತ್ತಂಬರಿ, ಜೀರಿಗೆ ಪುಡಿ, ಖಾರದಪುಡಿ, ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ, ಪುಡಿ ಸೀದ್ರೆ ಕಹಿ, ಆಮೇಲೆ ಏನು ಹಾಕಿದ್ರೂ ಆ ಕಹಿ ಹೋಗಲ್ಲ. ಬಣ್ಣ ಎಣ್ಣೆಗೆ ಬಿಡೋದು ಕಣ್ಣಿಗೆ ಕಾಣತ್ತೆ. ಆಗ ಟೊಮೇಟೊ, ಅದು ಮಿದುವಾಗಿ ಎಣ್ಣೆ ಬದಿಗೆ ಬರೋವರೆಗೆ. ಆಮೇಲೆ ಬೆಂದ ಕಾಳು, ಬೇಯಿಸಿದ ನೀರಿನ ಸಮೇತ. ಆ ನೀರು ಚೆಲ್ಲೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ, ಕಾಳು ಬಿಟ್ಟ ಪಿಷ್ಟ, ಉಪ್ಪು, ಚಕ್ಕೆ ಲವಂಗದ ಘಮ ಎಲ್ಲಾ ಅದರಲ್ಲೇ ಇರೋದು. ಚೆಲ್ಲಬೇಕಾಗಿದ್ದು ನೆನೆಸಿದ ನೀರು, ಬೇಯಿಸಿದ ನೀರಲ್ಲ. ಕೊನೆಗೆ ಒಂದೆರಡು ಸೌಟು ಕಾಳನ್ನ ಪಾತ್ರೆಯ ಪಕ್ಕಕ್ಕೆ ಒತ್ತಿ ಮಸೆದು ಬಿಟ್ರೆ ಗಟ್ಟಿ ತಾನಾಗೇ ಬರತ್ತೆ, ಮೈದಾನೂ ಬೇಡ ಕ್ರೀಮೂ ಬೇಡ.

ಒಂದು ಸಂಗತಿ ನಾನು ಆಗಾಗ ಯೋಚಿಸ್ತೀನಿ. ರಾಜ್ಮಾ, ಕಪ್ಪು ಬೀನ್ಸ್, ಮಚ್ಚೆಮಚ್ಚೆಯ ಪಿಂಟೊ, ಸಣ್ಣ ಬಿಳಿ ನೇವಿ ಬೀನ್ಸ್, ಇವೆಲ್ಲಾ ನೋಡೋಕೆ ಬೇರೆ ಬೇರೆ ಆದ್ರೂ ಒಂದೇ ಸಸ್ಯ, ಫ್ಯಾಸಿಯೋಲಸ್ ವಲ್ಗಾರಿಸ್. ಸಾವಿರಾರು ವರ್ಷದ ಹಿಂದೆ ಮಧ್ಯ ಅಮೆರಿಕ ಕಡೆ ಒಂದು ಸಲ, ಆಂಡೀಸ್ ಪರ್ವತದ ಕಡೆ ಇನ್ನೊಂದು ಸಲ, ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ ಬೇರೆ ಬೇರೆಯಾಗಿ ಇದನ್ನ ಕಾಡಿನಿಂದ ಹೊಲಕ್ಕೆ ತಂದ್ರು. ಮೆಣಸಿನಕಾಯಿಯೂ ಟೊಮೇಟೊನೂ ಅದೇ ಖಂಡದ್ದು. 1492ರ ನಂತರ ಹಡಗಲ್ಲಿ ಹೊರಟು ಉಳಿದ ಜಗತ್ತಿಗೆ ಬಂದಿದ್ದು. ಜೀರಿಗೆ, ಕೊತ್ತಂಬರಿ, ಕಾಬೂಲಿ ಕಡಲೆಯ ಮೂಲ ಈ ಕಡೆಯ ಹಳೇ ಜಗತ್ತು. ಹಾಗಾಗಿ ಜೀರಿಗೆ ಒಗ್ಗರಣೆ ಹಾಕಿದ ಖಾರದ ರಾಜ್ಮಾ ಯಾವ ದೇಶದ ಅಡುಗೆ ಅಂತ ಜಗಳ ಆಡೋದು ನಂಗೆ ಯಾವತ್ತೂ ಅರ್ಥ ಆಗಿಲ್ಲ. ಎರಡು ಸಾಗರದ ಆಚೆ ಈಚೆ ಬೆಳೆದದ್ದು ಒಂದು ಪಾತ್ರೆಯಲ್ಲಿ ಕೂಡೋಕೆ ಅಷ್ಟು ಶತಮಾನ ಬೇಕಾಯ್ತು ಅಂದಾಗ, ನಾನು ಒಂದು ರಾತ್ರಿ ಕಾಯೋದು ದೊಡ್ಡದಲ್ಲ ಅನ್ನಿಸತ್ತೆ.

ಗ್ಯಾಸ್ ಆಗತ್ತೆ ಅಂತ ಕಾಳು ಬಿಟ್ಟೋರು ಇದ್ದಾರೆ, ಅವರಿಗೆ ಒಂದು ಮಾತು. ಕಾಳಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳಿವೆ, ಅದನ್ನ ಒಡೆಯೋ ಕಿಣ್ವ ನಮ್ಮ ಕರುಳಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟ ಆಗ್ತವೆ, ಗ್ಯಾಸ್ ಬರೋದು ಅಲ್ಲಿಂದ. ನೆನೆಸಿದ ನೀರು ಚೆಲ್ಲಿದ್ರೆ ಸ್ವಲ್ಪ ಕಮ್ಮಿಯಾಗತ್ತೆ. ಅದಕ್ಕಿಂತ ಮುಖ್ಯ, ಅಪರೂಪಕ್ಕೆ ಒಂದು ದಿನ ದೊಡ್ಡ ಬಟ್ಟಲು ತಿನ್ನೋ ಬದಲು ವಾರಕ್ಕೆ ಮೂರು ದಿನ ಸ್ವಲ್ಪ ಸ್ವಲ್ಪ ತಿಂದ್ರೆ ಹೊಟ್ಟೆ ಒಗ್ಗಿಕೊಳತ್ತೆ, ನಮ್ಮನೆಯಲ್ಲಿ ಹಾಗೇ ಆಯ್ತು. ಒಣಕಾಳಿನ ತೂಕದಲ್ಲಿ ಐದನೇ ಒಂದು ಭಾಗಕ್ಕೂ ಮೇಲೆ ಪ್ರೋಟೀನ್, ಜೊತೆಗೆ ನಾರು, ಕಬ್ಬಿಣ. ಧಾನ್ಯದಲ್ಲಿ ಕಮ್ಮಿ ಇರೋ ಲೈಸಿನ್ ಅನ್ನೋ ಅಮೈನೋ ಆಮ್ಲ ಕಾಳಲ್ಲಿ ಜಾಸ್ತಿ, ಕಾಳಲ್ಲಿ ಕಮ್ಮಿ ಇರೋ ಮೆಥಿಯೋನಿನ್ ಧಾನ್ಯದಲ್ಲಿದೆ, ಹಾಗಾಗಿ ಅನ್ನವೋ ರೊಟ್ಟಿಯೋ ಬ್ರೆಡ್ಡೋ ಜೊತೆಗಿದ್ರೆ ಒಂದರ ಕೊರತೆ ಇನ್ನೊಂದು ತುಂಬತ್ತೆ. ಕೊನೆಗೆ ಹಿಂಡೋ ನಿಂಬೆಹಣ್ಣು ರುಚಿಗಷ್ಟೇ ಅಲ್ಲ, ಅದರ ಸಿ ವಿಟಮಿನ್ ಇದ್ರೆ ಕಾಳಿನ ಕಬ್ಬಿಣ ಮೈಗೆ ಹೆಚ್ಚು ಹತ್ತತ್ತೆ.

"ಬೇಯೋ ತನಕ ಕಾದೋಳಿಗೆ ಆರೋ ತನಕ ಕಾಯಕ್ಕಾಗಲ್ವಾ" ಅಂತಾರಲ್ಲ, ಕಾಳಿನ ಅಡುಗೆಗೆ ಇದಕ್ಕಿಂತ ಸರಿಯಾದ ಮಾತಿಲ್ಲ. ಒಲೆಯಿಂದ ಇಳಿಸಿದ ತಕ್ಷಣ ತಿಂದ್ರೆ ಮಸಾಲೆ ಒಂದೊಂದೂ ಬೇರೆ ಬೇರೆ ಕೇಳಿಸತ್ತೆ. ಅರ್ಧ ಗಂಟೆ ಬಿಟ್ರೆ ಸ್ವಲ್ಪ ಹೊಂದಿಕೊಳತ್ತೆ. ಮಾರನೇ ದಿನ ಬಿಸಿ ಮಾಡಿದ್ರೆ ಅದು ಬೇರೆಯೇ ಅಡುಗೆ. ಪಿಷ್ಟ ತಣ್ಣಗಾಗಿ ರಸ ಗಟ್ಟಿಯಾಗಿರತ್ತೆ, ಉಪ್ಪು ಹುಳಿ ರಸದಿಂದ ಕಾಳಿನ ನಡುವಿನವರೆಗೂ ಹೋಗಿರತ್ತೆ, ಖಾರದ ಮೊನಚು ಹೋಗಿ ಆಳ ಬಂದಿರತ್ತೆ. ಆದ್ರೆ ರಾತ್ರಿಯೆಲ್ಲಾ ಕಟ್ಟೆ ಮೇಲೆ ಬಿಡಬೇಡಿ, ಎರಡು ಗಂಟೆ ಒಳಗೆ ಅಗಲವಾದ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಫ್ರೀಜರಲ್ಲಾದ್ರೆ ತಿಂಗಳುಗಟ್ಟಲೆ ಇರತ್ತೆ, ರಸದಲ್ಲಿ ಮುಳುಗಿರಬೇಕು ಅಷ್ಟೇ.

ನಾನು ಕಾಳಿಗೆ ಇಷ್ಟು ಅಂಟಿಕೊಂಡಿರೋದಕ್ಕೆ ಕಾರಣ ಇದೇ ಇರಬೇಕು. ಶಿಫ್ಟ್ ಇರೋ ಮನೆಯಲ್ಲಿ ಊಟದ ಹೊತ್ತು ಅನ್ನೋದು ಇಲ್ಲ. ಮಗಳು ಎಂಟಕ್ಕೆ, ನಾನು ಒಂಬತ್ತಕ್ಕೆ, ಇವರು ಒಂದೂವರೆಗೆ. ಬೇರೆ ಯಾವ ಅಡುಗೆ ಮಾಡಿದ್ರೂ ಕೊನೆಗೆ ಬರೋರಿಗೆ ಮೆತ್ತಗಾದದ್ದು, ಒಣಗಿದ್ದು, ಬಣ್ಣ ಹೋದದ್ದು. ಎಷ್ಟೋ ರಾತ್ರಿ ಇವರು ಏನೂ ಅನ್ನದೆ ಅಂಥದ್ದನ್ನ ತಿಂದು ಮಲಗಿದ್ದನ್ನ ನೋಡಿ ನನ್ನ ಮನಸ್ಸಿಗೆ ಹಿಂಸೆ ಆಗಿದೆ. ಕಾಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು, ಕೊನೆಗೆ ಬಂದೋರಿಗೇ ಒಳ್ಳೇದು. ಒಂದು ಸಲ ರಾತ್ರಿ ಎದ್ದು ನೀರು ಕುಡಿಯೋಕೆ ಹೋದಾಗ ಇವರು ಒಬ್ಬರೇ ಸಣ್ಣ ಲೈಟ್ ಹಾಕ್ಕೊಂಡು ಊಟ ಮಾಡ್ತಾ ಇದ್ರು, ನಾನು ನಿಂತಿರೋದು ಗೊತ್ತಿಲ್ಲ, ತಟ್ಟೆಯಲ್ಲಿದ್ದ ಕಾಳನ್ನ ಒಂದೊಂದೇ ತೆಗೆದು ತಿಂತಿದ್ರು, ಅವರಮ್ಮ ತಿಂದ ಹಾಗೇ. ನಾನು ಮಾತಾಡಿಸದೆ ವಾಪಸ್ ಬಂದು ಮಲಗಿದೆ.

ಇವತ್ತು ಕಾಬೂಲಿ ಕಡಲೆ ಎರಡು ಲೋಟ ಆರಿಸಿ ತೊಳೆದು ನೆನೆಹಾಕಿದ್ದೀನಿ. ಇದನ್ನ ಟೈಪ್ ಮಾಡ್ತಾ ಕೂತಿರೋವಾಗ ಮಗಳು ರೂಮಿಂದ "ಅಮ್ಮಾ, ನೀರಿಗೆ ಉಪ್ಪು ಹಾಕಿದ್ಯಾ?" ಅಂತ ಕೂಗಿದ್ಲು. ಹಾಕಿದ್ದೆ ಅಂತ ನೆನಪು, ಆದ್ರೂ ಎದ್ದು ಹೋಗಿ ಬೆರಳದ್ದಿ ನಾಲಿಗೆಗಿಟ್ಟು ನೋಡಿ ಬಂದೆ. ಹಾಕಿದ್ದೀನಿ. ಸಿಪ್ಪೆ ಆಗಲೇ ಸುಕ್ಕಾಗೋಕೆ ಶುರುವಾಗಿದೆ.